ಸ್ವೀಡನ್ ತಂಡದ ಬಿಳಿ ಜೆರ್ಸಿಗೆ ನಾವು ಹಾಕಿದ ಗಂಜಿ

ಗಲ್ಫಿಗೆ ಹೊರಟವರು ಈಗಲೂ ನನ್ನ ಗೇಟಿನ ಹತ್ತಿರ ನಿಂತು, "ಹಸನಾಕ, ಎಂತ ಕೆಲಸ ಕಲಿತು ಹೋಗುದು ಒಳ್ಳೇದು?" ಎಂದು ಕೇಳುತ್ತಾರೆ. ಬಟ್ಟೆ ಒಗೆಯುವುದನ್ನು ಕಲಿಯಿರಿ ಎಂದರೆ ನಗುತ್ತಾರೆ. ನಗಲಿ. ಎಣ್ಣೆಯ ಬೆಲೆ ಏರಲಿ, ಇಳಿಯಲಿ, ಜನ ಬೆವರುತ್ತಾರೆ. ದೋಹಾದಲ್ಲಂತೂ ವರ್ಷದ ಎಂಟು ತಿಂಗಳು ಬೆವರುತ್ತಾರೆ. ನಾನು ಅಲ್ಲಿ ಇಪ್ಪತ್ತೇಳು ವರ್ಷ ಲಾಂಡ್ರಿಯಲ್ಲಿ ದುಡಿದು ಬಂದವನು. ಇಸ್ತ್ರಿ ಮೇಜಿನಿಂದ ಶುರು ಮಾಡಿ ಕೊನೆಗೆ ಗಾಜಿನ ಕೋಣೆಯಲ್ಲಿ ಕೂತೆ. ಯಾವ ವರ್ಷ ಯಾವ ಕುರ್ಚಿ ಸಿಕ್ಕಿತು ಎಂಬುದನ್ನು ಓದಿ ನಿಮಗೆ ಏನೂ ಆಗಬೇಕಾಗಿಲ್ಲ, ಅದನ್ನು ಬಿಡುತ್ತೇನೆ. ನನ್ನ ಕೈಯಿಂದ ಆದ ಒಂದು ದೊಡ್ಡ ತಪ್ಪು ಮತ್ತು ಆ ತಪ್ಪಿನಿಂದ ಸಿಕ್ಕ ಒಬ್ಬ ಮನುಷ್ಯ, ಇವೆರಡನ್ನು ಬರೆಯುತ್ತೇನೆ. ಕೆಲಸಕ್ಕೆ ಬರುವುದು ಅದೇ.

ಮೊದಲು ಒಂದು ವಿಷಯ ತಿಳಿದಿರಲಿ. ದೋಹಾದ ಲಾಂಡ್ರಿ ಎಂದರೆ ಬಿಳಿ ಬಟ್ಟೆ. ಅಲ್ಲಿಯ ಗಂಡಸರು ಉಡುವ ತೋಬ್ ಎಂಬ ನಿಲುವಂಗಿ ಬಿಳಿ, ತಲೆಯ ಮೇಲಿನ ಗುತ್ರ ಬಿಳಿ. ಹಣೆಯ ಮೇಲೆ ಆ ಗುತ್ರ ಹಾವಿನ ಹೆಡೆಯ ಹಾಗೆ ಎದ್ದು ನಿಲ್ಲಬೇಕು. ನಿಲ್ಲಿಸುವುದು ಗಂಜಿ. ಹೆಡೆ ಮಧ್ಯಾಹ್ನದೊಳಗೆ ಬಾಗಿತೋ, ಮರುದಿನ ಗಿರಾಕಿ ಬೇರೆ ಲಾಂಡ್ರಿಗೆ ಹೋಗಿ ಆಯಿತು. ಹಾಗಾಗಿ ನಮ್ಮಲ್ಲಿ ಇಸ್ತ್ರಿಯವನಿಗಿಂತ ಗಂಜಿ ಹದ ಮಾಡುವವನಿಗೆ ಹೆಚ್ಚು ಬೆಲೆ. ನಮ್ಮ ಲಾಂಡ್ರಿಯಲ್ಲಿ ಎರಡನ್ನೂ ಬಲ್ಲವನೊಬ್ಬನಿದ್ದ, ಮೂಲ್ಕಿ ಕಡೆಯ ಶೇಖರ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಂಜಿಯ ಪಾತ್ರೆಯಲ್ಲಿ ಎರಡು ಬೆರಳು ಅದ್ದಿ, ಉಜ್ಜಿ ನೋಡಿ, "ಇದು ಆಫೀಸಿಗೆ", "ಇದು ಮದುವೆಗೆ", "ಇದು ಹಬ್ಬಕ್ಕೆ" ಎಂದು ಹೇಳುತ್ತಿದ್ದ. ಒಂದು ದಿನವೂ ತಪ್ಪಿದ್ದಿಲ್ಲ.

ತೊಂಬತ್ತರ ದಶಕದ ಒಂದು ವರ್ಷ, ಉಪವಾಸದ ತಿಂಗಳು ಫೆಬ್ರವರಿಯಲ್ಲಿ ಬಂದಿತ್ತು. ನಮ್ಮ ಅರ್ಬಾಬ್, ಎಂದರೆ ಲಾಂಡ್ರಿಯ ಮಾಲೀಕ, ಬೂ ಖಾಲಿದ್ ಎಂಬ ಕತಾರ್ ದೇಶದವ, ಒಂದು ಮಧ್ಯಾಹ್ನ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಶೆಡ್ಡಿಗೆ ಬಂದು ಬಾಗಿಲಲ್ಲೇ ನಿಂತು ಕೇಳಿದ, "ಹಸನ್, ಫುಟ್‌ಬಾಲ್ ಮಾಲೂಮ್?"

ಅವನಿಗೆ ಇಂಥ ಪ್ರಶ್ನೆ ಕೇಳುವ ಅಭ್ಯಾಸವಿತ್ತು. ಗೊತ್ತಿಲ್ಲ ಎಂದವನಿಗೆ ಆ ಕೆಲಸ ಸಿಗುತ್ತಿರಲಿಲ್ಲ.

"ಮಾಲೂಮ್, ಅರ್ಬಾಬ್."

"ಫುಟ್‌ಬಾಲ್ ಕಪಡಾ ಧೋಯಾ ಪಹಲೇ?"

"ಬಹುತ್ ಧೋಯಾ."

ಒಂದು ಕಾಲುಚೀಲವನ್ನೂ ಒಗೆದಿರಲಿಲ್ಲ. ಲೇಬರ್ ಕ್ಯಾಂಪಿನ ಬಾಯ್ಲರ್ ಸೂಟು, ಹೋಟೆಲಿನ ಚಾದರ, ತೋಬ್, ಇಷ್ಟೇ ನನ್ನ ವಿದ್ಯೆ. ಸ್ವೀಡನ್ ದೇಶದ ಒಂದು ಕ್ಲಬ್ ತಂಡ ಎರಡು ವಾರದ ಅಭ್ಯಾಸಕ್ಕೆ ಬರುತ್ತದೆ, ಅಲ್ ಗರಾಫಾದ ಹತ್ತಿರದ ಮೈದಾನದಲ್ಲಿ ಆಡುತ್ತದೆ, ಅವರ ಬಟ್ಟೆಯ ಕೆಲಸ ನಮಗೆ ಸಿಗಬಹುದು ಎಂದು ಅರ್ಬಾಬ್ ಹೇಳಿದ. "ಸ್ವೀಡನ್ ಮಬ್ಸೂತ್, ಹೋಟೆಲ್ ಮಬ್ಸೂತ್. ಸ್ವೀಡನ್ ಜಲ್ಲಾನ್, ಹಸನ್ ಖಲಾಸ್," ಎಂದು ಬೆರಳಿನಿಂದ ಕುತ್ತಿಗೆಯ ಮೇಲೆ ಗೆರೆ ಎಳೆದು ತೋರಿಸಿ ನಗುತ್ತಾ ಹೋದ. ಸ್ವೀಡನ್ನಿನವರು ಖುಷಿಯಾದರೆ ಅವರು ಇಳಿಯುವ ಹೋಟೆಲಿನ ಇಡೀ ಬಟ್ಟೆ ನಮ್ಮದು. ಸಿಟ್ಟಾದರೆ ನಾನು ಪುನಃ ಕ್ಯಾಂಪಿನ ಗ್ರೀಸು ಒಗೆಯಬೇಕು. ಅವನ ನಗುವಿನಲ್ಲಿ ತಮಾಷೆ ಎಷ್ಟು, ಮಾತು ಎಷ್ಟು ಎಂದು ನನಗೆ ಗೊತ್ತಿತ್ತು.

ತಂಡದ ಬಟ್ಟೆ-ಬೂಟುಗಳ ಜವಾಬ್ದಾರಿ ಬೆರ್ತಿಲ್ ಎಂಬವನದು. ಅರವತ್ತರ ಹತ್ತಿರದ, ಮೀನು ಹಿಡಿಯುವವರ ಹಾಗೆ ಗಟ್ಟಿ ಕೈಯ ಮನುಷ್ಯ. ಮೊದಲು ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದನಂತೆ. ಸಂಜೆ ಬಿಡುವಿನಲ್ಲಿ ಸಂಬಳವಿಲ್ಲದೆ ಕ್ಲಬ್ಬಿನ ಬಟ್ಟೆ ನೋಡಿಕೊಳ್ಳುತ್ತಾ ಮೂವತ್ತು ವರ್ಷ ಕಳೆದು, ಈ ಸೀಸನ್ನಿನ ಕೊನೆಗೆ ಬಿಡುವವನಿದ್ದ. ನಾನು ಚೌಕಾಸಿಗೆ ತಯಾರಾಗಿ ಹೋದೆ. ಹೆಚ್ಚು ಹೇಳಿ ಕಡಿಮೆಗೆ ಇಳಿಯುವ ಮೆಟ್ಟಿಲುಗಳನ್ನೆಲ್ಲಾ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಅವನು ರೇಟನ್ನು ಕೇಳಲೇ ಇಲ್ಲ.

"ಎಷ್ಟು ಡಿಗ್ರಿಯ ನೀರಿನಲ್ಲಿ ಒಗೆಯುತ್ತೀರಿ?"

"ನೀವು ಹೇಳಿದಷ್ಟು ಡಿಗ್ರಿ, ಮಿಸ್ಟರ್ ಬೆರ್ತಿಲ್."

"ನಾನು ಹೇಳದಿದ್ದರೆ?"

ನಮ್ಮಲ್ಲಿ ಬಿಸಿ ನೀರು, ತುಂಬಾ ಬಿಸಿ ನೀರು, ಎರಡೇ ಇದ್ದದ್ದು. ಅವನು ಜೇಬಿನಿಂದ ಒಂದು ಥರ್ಮಾಮೀಟರ್ ತೆಗೆದು ನನ್ನ ಕೈಯಲ್ಲಿಟ್ಟ. ನಲವತ್ತರ ಗುರುತಿನ ಮೇಲೆ ಉಗುರು ಇಟ್ಟು ತೋರಿಸಿದ. ಎರಡೂ ಕಡೆಯವರು ಗೌರವದಿಂದ ಹೊರಬಂದ ಚೌಕಾಸಿ ನನ್ನ ಜನ್ಮದಲ್ಲಿ ಅದೊಂದೇ. ರೇಟು ಕೊನೆಗೆ ಹೋಟೆಲಿನವರೇ ಹೇಳಿದರು.

ಆ ತಂಡದ ಪರಿಸ್ಥಿತಿಯನ್ನು ಬೆರ್ತಿಲ್ ನನಗೆ ವ್ಯಾನಿನಲ್ಲಿ ಕೂತು ವಿವರಿಸಿದ. ಅವರ ದೇಶದ ಲೀಗ್ ಏಪ್ರಿಲಿನಲ್ಲಿ ಶುರುವಾಗಿ ಅಕ್ಟೋಬರಿಗೆ ಮುಗಿಯುತ್ತದೆ. ಆಮೇಲೆ ಮೈದಾನ ಹಿಮದ ಕೆಳಗೆ. ಆದರೆ ಯುರೋಪಿನ ದೊಡ್ಡ ಕಪ್ಪು ಅವರಿಗಾಗಿ ಕಾಯುವುದಿಲ್ಲ. ಅದರಲ್ಲಿ ಈ ತಂಡ ಕ್ವಾರ್ಟರ್ ಫೈನಲ್ಲಿಗೆ ಬಂದುಬಿಟ್ಟಿತ್ತು. ಪಂದ್ಯ ಮಾರ್ಚಿನ ಆರಂಭದಲ್ಲಿ. ಎದುರಾಳಿಗಳು ವಾರಕ್ಕೆರಡು ಪಂದ್ಯ ಆಡಿ ಬಿಸಿಯಾಗಿರುವವರು. ಇವರು ನಾಲ್ಕು ತಿಂಗಳಿಂದ ಹುಲ್ಲನ್ನೇ ಕಂಡಿಲ್ಲ. "ಅಂಗಡಿಗೆ ಬಾಗಿಲು ಹಾಕಿ ನಾಲ್ಕು ತಿಂಗಳಾದ ಮೇಲೆ ಊರಿನ ದೊಡ್ಡ ಸಂತೆಗೆ ಹೋದ ಹಾಗೆ," ಎಂದೆ. ಅವನು ತಲೆಯಾಡಿಸಿದ. ಅದಕ್ಕೇ ಅವರು ದೋಹಾದ ಹುಲ್ಲು ಹುಡುಕಿಕೊಂಡು ಬಂದದ್ದು. ಇಲ್ಲಿಂದ ನೇರ ಆ ಪಂದ್ಯಕ್ಕೇ ಹಾರುವವರು.

ಅವರ ಪದ್ಧತಿ ನೋಡಿ ನಾನು ದಂಗಾದೆ. ಪ್ರತಿ ಆಟಗಾರನಿಗೆ ನಂಬರು ಹಾಕಿದ ಒಂದು ಬಲೆ ಚೀಲ. ಬೆವರಿದ ಬಟ್ಟೆಯನ್ನು ಅವನೇ ಸರಿ ಮಗ್ಗುಲಿಗೆ ತಿರುಗಿಸಿ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ಚೀಲದ ಸಮೇತ ಒಗೆಯುವುದು, ಚೀಲದ ಸಮೇತ ಒಣಗಿಸುವುದು. ಒಂದರದ್ದು ಇನ್ನೊಂದಕ್ಕೆ ಸೇರುವ ಪ್ರಶ್ನೆಯೇ ಇಲ್ಲ. ಮೂರನೇ ದಿನ ಒಂಬತ್ತನೇ ನಂಬರಿನ ಚೀಲದಲ್ಲಿ ಒಂದು ಕಾಲುಚೀಲ ಒಳಮಗ್ಗುಲಾಗಿತ್ತು. ಆ ಒಂಬತ್ತನೆಯವನು ತಂಡದ ದೊಡ್ಡ ಹೆಸರು, ಗೋಲು ಹೊಡೆಯುವವನು. ನಾನು ಸುಮ್ಮನೆ ತಿರುಗಿಸಲು ಹೊರಟೆ. ಬೆರ್ತಿಲ್ ನನ್ನ ಕೈ ಹಿಡಿದು ನಿಲ್ಲಿಸಿ ಹೋಟೆಲಿನೊಳಗೆ ಹೋದ. ಐದು ನಿಮಿಷದಲ್ಲಿ ಆ ಎತ್ತರದ ಮನುಷ್ಯ ಊಟದ ಮೇಜಿನಿಂದೆದ್ದು ಹವಾಯಿ ಚಪ್ಪಲಿಯಲ್ಲಿ ವ್ಯಾನಿನ ಹತ್ತಿರ ಬಂದ, ಕಾಲುಚೀಲ ತಿರುಗಿಸಿ ಚೀಲಕ್ಕೆ ಹಾಕಿದ, ನನಗೂ ಶೇಖರನಿಗೂ "ಸಾರಿ" ಎಂದು ಹೋದ.

ಶೇಖರ ನನ್ನ ಕಡೆ ತಿರುಗಿದ. "ಹಸನಾಕ, ಇವ ನಿಜವಾಗಿ ದೊಡ್ಡ ಪ್ಲೇಯರಾ?"

"ಹೌದು ಮಾರಾಯ."

"ಹಾಗಾದ್ರೆ ನಮ್ಮ ಹೋಟೆಲಿನ ಮ್ಯಾನೇಜರ್ ಎಂತ ಪ್ಲೇಯರ್?"

ನಾವು ಮೊದಲಿಂದ ಚಾದರ ಒಗೆಯುತ್ತಿದ್ದ ಬೇರೊಂದು ಹೋಟೆಲಿನ ಆ ಮ್ಯಾನೇಜರನ ಪ್ಯಾಂಟಿನ ಜೇಬಿನಿಂದ ಶೇಖರ ಹಲ್ಲುಕಡ್ಡಿ, ಮಿಠಾಯಿ ಕಾಗದ, ಒಮ್ಮೆ ಅರ್ಧ ಕೆಬಾಬನ್ನೂ ತೆಗೆದವನು. ಇಬ್ಬರೂ ವ್ಯಾನಿಗೆ ಒರಗಿ ನಕ್ಕೆವು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ತಂಡದ ನಿತ್ಯದ ಬಣ್ಣ ನೀಲಿ. ಆದರೆ ಕ್ವಾರ್ಟರ್ ಫೈನಲ್ಲಿನ ಎದುರಾಳಿಯದ್ದೂ ನೀಲಿ. ಆದ್ದರಿಂದ ಆ ಪಂದ್ಯಕ್ಕೆ ಹೊಸದಾಗಿ ಬಿಳಿ ಜೆರ್ಸಿ ಹೊಲಿಸಿ ತಂದಿದ್ದರು. ಒಂದೇ ಸೆಟ್ಟು. ಬೆರ್ತಿಲನ ಒಂದು ನಿಯಮವಿತ್ತು, ಹೊಸ ಅಂಗಿಯನ್ನು ದೊಡ್ಡ ಪಂದ್ಯದ ದಿನ ಮೊದಲ ಸಲ ಹಾಕಬಾರದು. ಒಮ್ಮೆ ಹಾಕಿ ಬೆವರಿ ಒಗೆದ ಮೇಲೆಯೇ ಅದು ಮೈಯ ಮಾತು ಕೇಳುತ್ತದೆ. ಹಾಗಾಗಿ ಹೊರಡುವ ಎರಡು ದಿನ ಮುಂಚೆ ತಂಡವನ್ನು ಎರಡು ಭಾಗ ಮಾಡಿ ಪೂರ್ತಿ ತೊಂಬತ್ತು ನಿಮಿಷ ಆಡಿಸಿದರು. ಒಂದು ಭಾಗ ಬಿಳಿ ಹಾಕಿತ್ತು, ಅರ್ಧ ಆಟದ ಮೇಲೆ ಮತ್ತೊಂದು ಭಾಗ ತಮ್ಮ ನಂಬರಿನ ಬಿಳಿ ಹಾಕಿತು. ನಾಲ್ಕು ತಿಂಗಳಿಗೆ ಅವರ ಮೊದಲ ನಿಜವಾದ ಆಟ. ಆಟ ಮುಗಿಯುವಾಗ ಅಷ್ಟೂ ಬಿಳಿ ದೋಹಾದ ದೂಳಿನ ಬಣ್ಣಕ್ಕೆ ತಿರುಗಿತ್ತು.

ಬೆರ್ತಿಲ್ ಬಿಳಿಯ ಗಂಟನ್ನು ಕೊಡುವಾಗ ಒಂದು ಚೀಟಿ ಬರೆದು ಪಿನ್ನು ಹಾಕಿದ. ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರ: ನಲವತ್ತು ಡಿಗ್ರಿ, ಗಂಜಿ ಬೇಡ, ಇಸ್ತ್ರಿ ಬೇಡ. ನಾನು ಓದಿದೆ. "ಮಾಫಿ ಮುಶ್ಕಿಲ್", ತೊಂದರೆಯೇ ಇಲ್ಲ, ಎಂದೆ. ಶೆಡ್ಡಿಗೆ ತಂದು ಮೇಜಿನ ಮೇಲಿಟ್ಟು, "ಶೇಖರ, ಇದು ಸ್ವೀಡನ್ನಿನವರ ಕ್ವಾರ್ಟರ್ ಫೈನಲಿದ್ದು, ಜಾಗ್ರತೆ" ಎಂದಷ್ಟೇ ಹೇಳಿ ಸೂಕ್ ವಾಕಿಫ್ ಪೇಟೆಗೆ ಓಡಿದೆ. ಈದಿಗೆ ನಾಲ್ಕೈದು ದಿನ ಉಳಿದಿತ್ತು. ಹ್ಯಾಂಗರಿನ ವ್ಯಾಪಾರಿ ರೇಟು ಇಳಿಸುವ ಹೊತ್ತು ಅದು, ಇಳಿಹೊತ್ತಿನ ಅಸರ್ ನಮಾಜಿನ ಮುಂಚೆ ಹೋದರೆ ಹಸಿದ ಮನುಷ್ಯ ಹೆಚ್ಚು ಮಾತಾಡುವುದಿಲ್ಲ. ಅಂದು ಹ್ಯಾಂಗರು ಬಹಳ ಅಗ್ಗಕ್ಕೆ ಸಿಕ್ಕಿತು. ಅದರ ಹೆಮ್ಮೆಯಲ್ಲಿ ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದೆ.

ಮೇಜಿನ ಮೇಲೆ ಸಾಲಾಗಿ ಬಿಳಿ ಜೆರ್ಸಿಗಳು. ಪ್ರತಿ ತೋಳಿನಲ್ಲೂ ಕತ್ತಿಯಂಥ ಮಡಿಕೆ. ಬೆಳಕಿಗೆ ಹೊಳೆಯುತ್ತಿದ್ದವು. ಶೇಖರ ಕೈಕಟ್ಟಿ ನಿಂತಿದ್ದ, ಮದುಮಗನನ್ನು ಸಿಂಗರಿಸಿ ಹೊರಗೆ ಕಳಿಸುವವನ ಹಾಗೆ.

"ಹಬ್ಬದ ಹದ, ಹಸನಾಕ. ಎರಡು ಕೋಟ್ ಹಾಕಿದ್ದೇನೆ. ದೊಡ್ಡ ಮ್ಯಾಚ್ ಅಂದ್ರಿ ಅಲ್ವಾ? ನಂಬರ್ ಕರಗ್ತದೆ ಅಂತ ಒಳಮಗ್ಗುಲಲ್ಲಿ ಇಸ್ತ್ರಿ ಮಾಡಿದೆ."

ನಾನು ಒಂದನ್ನು ಎತ್ತಿದೆ. ಅದು ಬಾಗಲಿಲ್ಲ. ಮೇಜಿನ ಮೇಲೆ ನೆಟ್ಟಗಿಟ್ಟೆ. ಅದು ನಿಂತಿತು. ಒಳಗೆ ಮನುಷ್ಯನಿಲ್ಲದೆ ಐದನೇ ನಂಬರು ನನ್ನೆದುರು ಎದೆಯುಬ್ಬಿಸಿ ನಿಂತಿತ್ತು.

ಪಾಲಿಯೆಸ್ಟರ್ ಬಟ್ಟೆ ಹತ್ತಿಯ ಹಾಗೆ ಗಂಜಿಯನ್ನು ಕುಡಿಯುವುದಿಲ್ಲ, ಮೈಮೇಲೆ ಹೊತ್ತುಕೊಳ್ಳುತ್ತದೆ. ಗಾಳಿಯಾಡುವ ಸಣ್ಣ ತೂತುಗಳೆಲ್ಲಾ ಮುಚ್ಚಿಹೋಗಿದ್ದವು. ಇದನ್ನು ಹಾಕಿ ಓಡಿದರೆ ಹತ್ತು ನಿಮಿಷದಲ್ಲಿ ಎದೆಯ ತೊಗಲು ಹೋಗುತ್ತದೆ. ಬೆವರಿಗೋ ಮಳೆಗೋ ನೆನೆದರೆ ಅಂಟಾಗುತ್ತದೆ. ಬೇರೆ ಸೆಟ್ಟಿಲ್ಲ. ವಿಮಾನ ಮರುದಿನ ಬೆಳಿಗ್ಗೆ.

"ಚೀಟಿ ಇತ್ತಲ್ಲಾ?" ಎಂದೆ.

"ಇತ್ತು. ನಾನು ಜೋಪಾನ ಮಾಡಿ ಇಟ್ಟಿದ್ದೇನೆ. ಬಿಲ್ ಅಲ್ವಾ ಅದು?"

ನಾನು ಮಾಡಿದ ಮೊದಲ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೋಟೆಲಿಗೆ ಹೋಗಿ ಬೆರ್ತಿಲನ ಎದುರು ಒಂದು ಜೆರ್ಸಿಯನ್ನಿಟ್ಟೆ. ವ್ಯಾನಿನಲ್ಲಿ ಬರುವಾಗ ಮೂರು ಸುಳ್ಳು ತಯಾರು ಮಾಡಿದ್ದೆ. ಮೂರರಲ್ಲಿ ಹೆಚ್ಚು ಬಾಳಿಕೆ ಬರುವುದನ್ನು ತೆಗೆದೆ.

"ಇಸ್ತ್ರಿಯವನು ಹೊಸಬ, ಮಿಸ್ಟರ್ ಬೆರ್ತಿಲ್. ಏನೂ ತಿಳಿಯದವನು. ನಾಳೆಯೇ ಅವನನ್ನು ಊರಿಗೆ ಕಳುಹಿಸುತ್ತೇನೆ."

ಬೆರ್ತಿಲ್ ಜೆರ್ಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ತೋಳಿನ ಮಡಿಕೆಯ ಮೇಲೆ ಹೆಬ್ಬೆರಳು ಓಡಿಸಿದ. ಒಳಗೆ ಕೈ ಹಾಕಿ ನಂಬರಿನ ಹಿಂಭಾಗ ಮುಟ್ಟಿ ನೋಡಿದ.

"ಹೊಸಬ ಅಲ್ಲ," ಎಂದ. "ಹೊಸಬನಾಗಿದ್ದರೆ ನಂಬರು ಸುಟ್ಟುಹೋಗುತ್ತಿತ್ತು. ಇದನ್ನು ಮಾಡಿದವನು ತುಂಬಾ ಗೌರವದಿಂದ ಮಾಡಿದ್ದಾನೆ. ನನ್ನ ಚೀಟಿ ಅವನ ಹತ್ತಿರ ಇತ್ತೇ?"

"ಇತ್ತು."

"ಅವನಿಗೆ ಇಂಗ್ಲಿಷ್ ಓದಲು ಬರುತ್ತದೆಯೇ?"

ಇಲ್ಲ ಎಂದು ತಲೆಯಲ್ಲಾಡಿಸಿದೆ.

"ನಿನಗೆ ಬರುತ್ತದೆ," ಎಂದ. ಸ್ವರ ಏರಿಸಲಿಲ್ಲ. ನನ್ನ ಇಪ್ಪತ್ತೇಳು ವರ್ಷದ ಅರ್ಬಾಬುಗಳ ಬೈಗುಳವನ್ನೆಲ್ಲಾ ಸೇರಿಸಿದರೂ ಆ ಎರಡು ಪದಗಳ ತೂಕ ಬರುವುದಿಲ್ಲ.

ಆಮೇಲೆ ಅವನು ಎದ್ದು ತಂಡದ ಡಾಕ್ಟರ ಪೆಟ್ಟಿಗೆಯಿಂದ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನಿನ ಒಂದು ಸಣ್ಣ ಬಾಟಲಿ ತೆಗೆದು ಜೇಬಿಗಿಟ್ಟ. ಬಾಗಿಲ ಹತ್ತಿರ ಎದುರಾದ ಕೋಚ್ ಎಲ್ಲಿಗೆ ಎಂದು ಕೇಳಿದ. ಬೆರ್ತಿಲ್ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ವ್ಯಾನು ಹತ್ತಿದ ಮೇಲೆ ಏನು ಹೇಳಿದಿರಿ ಎಂದು ಕೇಳಿದೆ. "ಬಿಳಿ ಬಟ್ಟೆಯ ವಿಷಯ ಸರಿಯಾಗಿ ತಿಳಿಸಲು ನಾನು ಮರೆತೆ, ಸರಿ ಮಾಡಿ ಬರುತ್ತೇನೆ ಎಂದೆ." ಮರೆತವನು ಅವನಲ್ಲ. ಮೂವತ್ತು ವರ್ಷದ ಕೊನೆಯ ಸೀಸನ್ನಿನಲ್ಲಿ ಒಂದು ಲಾಂಡ್ರಿಯವನ ತಪ್ಪನ್ನು ತನ್ನ ಹೆಗಲಿಗೆ ಹಾಕಿಕೊಂಡಿದ್ದ.

ಶೆಡ್ಡಿಗೆ ಬಂದ ಮೇಲೆ ಮೊದಲ ಕಷ್ಟ ನೀರು. ಮೆಷಿನುಗಳ ಡ್ರಮ್ಮಿನಲ್ಲೆಲ್ಲಾ ಈದಿನ ತೋಬುಗಳ ಗಂಜಿ. ದೊಡ್ಡ ಟಬ್ಬುಗಳಲ್ಲಿ ಕೈಯಿಂದಲೇ ಜಾಲಾಡಬೇಕು, ಒಂದಲ್ಲ, ಹತ್ತು ಸಲ. ನಮ್ಮ ಟ್ಯಾಂಕಿ ತಳ ಕಾಣುತ್ತಿತ್ತು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಗ ನೀರು ಬರುತ್ತಿದ್ದದ್ದು ಟ್ಯಾಂಕರಿನಲ್ಲಿ. ನಮ್ಮ ಪಾಳಿ ಮರುದಿನ. ರಸ್ತೆಯಾಚೆ ಒಂದು ತುಂಬಿದ ಟ್ಯಾಂಕರ್ ನಿಂತಿತ್ತು, ಅದರ ನೆರಳಿನಲ್ಲಿ ಪಠಾಣ್ ಡ್ರೈವರ್ ಮಲಗಿದ್ದ. ಉಪವಾಸದ ಮಧ್ಯಾಹ್ನ ಮಲಗಿದವನನ್ನು ಎಬ್ಬಿಸುವುದೆಂದರೆ ಹುಲಿಯ ಮೂಗು ಹಿಡಿದ ಹಾಗೆ.

"ಭಾಯಿಜಾನ್, ಪಾನಿ ಚಾಹಿಯೇ."

"ಮಾಫಿ. ಕ್ಯಾಂಪ್ ಕಾ ಪಾನಿ."

"ಕ್ಯಾಂಪಿಗೆ ಸಂಜೆ ಇನ್ನೊಂದು ಟ್ರಿಪ್ ಹೊಡೆಯಿರಿ, ಅದರ ದುಡ್ಡೂ ನಾನು ಕೊಡುತ್ತೇನೆ."

"ಪೈಸಾ ನಹೀ ಚಾಹಿಯೇ. ನೀಂದ್ ಚಾಹಿಯೇ," ಎಂದು ಮಗ್ಗುಲಾದ.

ಇಲ್ಲಿ ಒಂದು ಬುದ್ಧಿಮಾತು ಬರೆದುಕೊಳ್ಳಿ. ಬೇಡ ಎಂದವನಿಗೆ ಹೆಚ್ಚು ಕೊಡಲು ಹೋಗಬೇಡಿ, ಬೇರೆ ಏನಾದರೂ ಕೊಡಿ. ಅವನ ಸಲ್ವಾರನ್ನು ನೋಡಿದೆ. ಮಣ್ಣಿನ ಬಣ್ಣ.

"ಈದಿಗೆ ನಿಮ್ಮ ರೂಮಿನಲ್ಲಿ ಎಷ್ಟು ಜನ?"

ಒಂದು ಕಣ್ಣು ತೆರೆದ. "ಆಠ್."

"ಎಂಟು ಜನರ ಸಲ್ವಾರ್ ಕಮೀಜ್ ಈದಿನ ಮುಂಚಿನ ದಿನ ಒಗೆದು ಇಸ್ತ್ರಿ ಮಾಡಿ ಮನೆ ಬಾಗಿಲಿಗೆ."

ಎರಡನೇ ಕಣ್ಣೂ ತೆರೆಯಿತು. ಎದ್ದು ಕೂತ. "ಕಲಫ್ ಕೇ ಸಾಥ್?"

ಕಲಫ್ ಎಂದರೆ ಗಂಜಿ. "ಕಡಕ್ ಕಲಫ್," ಎಂದೆ. ಗಂಜಿ ತೆಗೆಯುವ ನೀರಿಗೆ ಗಂಜಿಯದ್ದೇ ವಾಗ್ದಾನ ಕೊಟ್ಟು ಟ್ಯಾಂಕರನ್ನು ನಮ್ಮ ಗೇಟಿಗೆ ತಂದೆ.

ಬೆರ್ತಿಲ್ ಅಷ್ಟರಲ್ಲಿ ಅಂಗಿಯ ತೋಳು ಮಡಚಿ ಶೇಖರನ ಪಕ್ಕದಲ್ಲಿ ಕೂತಿದ್ದ. ಇಬ್ಬರಿಗೂ ಪರಸ್ಪರ ಭಾಷೆ ಇಲ್ಲ. ಉಗುರು ಬೆಚ್ಚಗಿನ ನೀರು, ಜೆರ್ಸಿ ಮುಳುಗಿಸುವುದು, ಅರ್ಧ ಗಂಟೆ ಬಿಡುವುದು, ಉಜ್ಜದೆ ಕೈಯಲ್ಲಿ ಒತ್ತುವುದು, ನೀರು ಬದಲಿಸುವುದು. ಪ್ರತಿ ಸಲ ನೀರು ಬದಲಿಸುವ ಮೊದಲು ಬೆರ್ತಿಲ್ ಒಂದು ಗಾಜಿನ ಲೋಟದಲ್ಲಿ ಆ ನೀರು ತೆಗೆದು ಟಿಂಚರಿನ ಎರಡು ಹನಿ ಹಾಕುತ್ತಿದ್ದ. ಮೊದಲ ಸಲ ನೀರು ಶಾಯಿಯ ಹಾಗೆ ಕಡುನೀಲಿಯಾಯಿತು. ಶೇಖರ ಹಿಂದೆ ಸರಿದ.

"ಎಂತ ಮಾಟ ಇದು?"

"ಗಂಜಿ ಇದ್ದರೆ ನೀಲಿಯಾಗುತ್ತದೆ," ಎಂದು ಬೆರ್ತಿಲ್ ವಿವರಿಸಿದ, ನಾನು ಕನ್ನಡಕ್ಕೆ ತಂದೆ. ಅವನ ತಾಯಿ ಆಲೂಗಡ್ಡೆಯಿಂದ ಗಂಜಿಪುಡಿ ತೆಗೆಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳಂತೆ. ಚಿಕ್ಕಂದಿನಲ್ಲಿ ಅಮ್ಮನ ಏಪ್ರನ್ನಿನ ಮೇಲೆ ಟಿಂಚರ್ ಚೆಲ್ಲಿ ನೀಲಿ ಮಾಡಿ ಪೆಟ್ಟು ತಿಂದವನು.

ಎರಡನೇ ನೀರು ನೀಲಿ. ಮೂರನೆಯದು ನೀಲಿ. ನಾಲ್ಕನೆಯದಕ್ಕೆ ನನ್ನ ಸೊಂಟ ಹಿಡಿಯಿತು. ಉಪವಾಸದ ಬಾಯಿ ಒಣಗಿತ್ತು, ಕೈ ಮಾತ್ರ ಬೆಳಗಿನಿಂದ ನೀರಿನಲ್ಲಿ. ನಾನು ಕುಡಿಯುವುದಿಲ್ಲವೆಂದು ತಿಳಿದ ಮೇಲೆ ಬೆರ್ತಿಲನೂ ತನ್ನ ನೀರಿನ ಬಾಟಲಿಯನ್ನು ವ್ಯಾನಿನಲ್ಲಿ ಇಟ್ಟುಬಂದ. ನೀವು ಕುಡಿಯಿರಿ ಎಂದರೆ, "ಆಮೇಲೆ" ಎಂದ. ಐದನೇ ನೀರು ನೇರಳೆ ಬಣ್ಣಕ್ಕೆ ಬಂತು. ಆರನೆಯದು ತಿಳಿ ನೇರಳೆ. ಏಳನೇ ಲೋಟಕ್ಕೆ ಹನಿ ಬೀಳುವಾಗ ಮೂವರೂ ಲೋಟದ ಮೇಲೆ ಬಾಗಿದೆವು. ನೀರು ತೆಳು ಚಹಾದ ಬಣ್ಣದಲ್ಲೇ ನಿಂತಿತು. ಬೆರ್ತಿಲ್ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ, ಶೇಖರನ ಕೈಗೆ ಕೊಟ್ಟ. ಶೇಖರ ತಿರುಗಿಸಿ ತಿರುಗಿಸಿ ನೋಡಿದ.

"ಖಲಾಸ್," ಎಂದ ಶೇಖರ.

"ಖಲಾಸ್," ಎಂದ ಬೆರ್ತಿಲ್. ದೋಹಾದಲ್ಲಿ ಅವನು ಕಲಿತ ಅರಬ್ಬಿ ಅದೊಂದೇ.

ಶೆಡ್ಡಿನ ಮಾಡಿನ ಮೇಲೆ ಹಗ್ಗ ಕಟ್ಟಿ ಒಣಗಲು ಹಾಕಿದೆವು. ಸಂಜೆಯ ಗಾಳಿಗೆ ಜೆರ್ಸಿಗಳು ತೋಳು ಬೀಸಿ ಆಡತೊಡಗಿದವು. ಬಾಂಗು ಕೇಳಿದಾಗ ನಾನು ಖರ್ಜೂರ ಬಾಯಿಗಿಟ್ಟೆ. ಬೆರ್ತಿಲನಿಗೂ ಒಂದು ಕೊಟ್ಟೆ. ಆಗ ಅವನು ನೀರಿನ ಬಾಟಲಿಯ ಮುಚ್ಚಳ ತೆರೆದ.

ಒಂದು ಕೆಲಸ ಬಾಕಿ ಇತ್ತು. ಆ ಇಂಗ್ಲಿಷ್ ಚೀಟಿಯನ್ನು ತೆಗೆದು ಶೇಖರನಿಗೆ ಪೂರ್ತಿ ಓದಿ ಹೇಳಿದೆ. ತಪ್ಪು ನಿನ್ನದಲ್ಲ, ನನ್ನದು ಎಂದೂ ಹೇಳಿದೆ. ಅವನು ಚೀಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಆಮೇಲೆ, "ಇದನ್ನು ನಿನ್ನೆ ಹೇಳಿದ್ರೆ ಬಾಯಿಗೆ ಎಂತ ಖರ್ಚು ಇತ್ತು, ಹಸನಾಕ?" ಎಂದ. ಹಾಗೆ ಕೇಳುವ ಹಕ್ಕು ಅವನಿಗಿತ್ತು. ನಂತರ ಅವನೇ ಒಂದು ಬಿಳಿ ಪಟ್ಟಿ ಕತ್ತರಿಸಿ, ನಾವು ಬಟ್ಟೆಗೆ ಗುರುತು ಹಾಕುವ ಅಳಿಯದ ಶಾಯಿಯಲ್ಲಿ ಕನ್ನಡದಲ್ಲಿ ಬರೆದ: ಗಂಜಿ ಬೇಡ. ಅವನ ಬರವಣಿಗೆಯಲ್ಲಿ ಕೊನೆಯ ಅಕ್ಷರದ ತುದಿ ಮೀನಿನ ಗಾಳದ ಹಾಗೆ ಕೆಳಗೆ ಕೊಕ್ಕೆಯಾಗುತ್ತಿತ್ತು. ಆ ಪಟ್ಟಿಯನ್ನು ಬಿಳಿ ಸೆಟ್ಟಿನ ದೊಡ್ಡ ಚೀಲದ ಬಾಯಿಗೆ ಹೊಲಿದ. ಬೆರ್ತಿಲ್ ಇದೇನು ಎಂದು ಕೇಳಲಿಲ್ಲ. ಅಕ್ಷರದ ಮೇಲೆ ಬೆರಳಾಡಿಸಿ, ಶೇಖರನ ಕೈ ಕುಲುಕಿ, ಚೀಲ ಹೊತ್ತು ಹೋದ.

ತಂಡ ಹೋಯಿತು. ಹೋಟೆಲಿನ ಬಟ್ಟೆ ನಮಗೆ ಸಿಗುತ್ತದೆಂದು ಅರ್ಬಾಬ್ ಹೇಳಿ ಕಳುಹಿಸಿದ. ನನಗೆ ಅದರ ಖುಷಿ ಬರಲಿಲ್ಲ. ಏಳನೇ ಲೋಟ ಸುಳ್ಳು ಹೇಳಿದ್ದರೆ? ಹೊಲಿಗೆಯ ಸಂದಿಯಲ್ಲಿ ಗಂಜಿ ಉಳಿದಿದ್ದರೆ?

ಈದಿನ ಮರುದಿನ ಸಾಯಂಕಾಲ ನಾನೂ ಶೇಖರನೂ ಒಬ್ಬ ಮಲಯಾಳಿಯ ಕೆಫೆಟೇರಿಯಾದಲ್ಲಿ ಚಹಾ ಕುಡಿಯುತ್ತಿದ್ದೆವು. ಟೀವಿಯಲ್ಲಿ ಕ್ರೀಡಾವಾರ್ತೆ. ಇದ್ದಕ್ಕಿದ್ದಂತೆ ಬಿಳಿ ಅಂಗಿಗಳು. ಅಲ್ಲಿ ಧೋ ಎಂದು ಮಳೆ. ಯಾರೋ ಚೆಂಡನ್ನು ಗೋಲಿನ ಕಂಬಕ್ಕೆ ಹೊಡೆದರು, ಕೆಫೆಟೇರಿಯಾದವರೆಲ್ಲಾ ಕೂಗಿದರು. ಶೇಖರ ಚೆಂಡು ನೋಡಲೇ ಇಲ್ಲ. ಗ್ಲಾಸು ಕೆಳಗಿಟ್ಟು ಟೀವಿಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಾಗಿದ.

"ಹಸನಾಕ! ಮಳೆಗೆ ಚಂಡಿ ಆಗಿ ಮೈಮೇಲೆ ಹೇಗೆ ಕೂತಿದೆ ನೋಡಿ! ಬಟ್ಟೆ ಬಟ್ಟೆಯ ಹಾಗೇ ಉಂಟು! ನೊರೆ ಇಲ್ಲ, ಅಂಟಿಲ್ಲ!"

"ಎಂದಾ ಇವನು, ಗೋಲ್ ಆಗಿಲ್ಲ ಅಂತ ಕುಣೀತಾನೆ?" ಎಂದು ಚಹಾದವನು ನನ್ನನ್ನು ಕೇಳಿದ. ಪಂದ್ಯ ಗೋಲಿಲ್ಲದ ಸಮ. ಬಲಾಢ್ಯರ ಮೈದಾನದಲ್ಲಿ, ನಾಲ್ಕು ತಿಂಗಳು ಬಾಗಿಲು ಹಾಕಿದ್ದ ಅಂಗಡಿಯವರು ಒಂದೂ ಗೋಲು ಬಿಟ್ಟುಕೊಡದೆ ಬಂದಿದ್ದರು. ಆ ದಿನದ ಚಹಾವನ್ನು ಶೇಖರನೇ ಎಲ್ಲರಿಗೂ ಕುಡಿಸಿದ.

ಎರಡು ವಾರದ ಮೇಲೆ ಅವರ ಊರಿನಲ್ಲಿ ಮರುಪಂದ್ಯ. ಅರ್ಧ ಹೆಪ್ಪುಗಟ್ಟಿದ ಮೈದಾನದಲ್ಲಿ ಒಂದೊಂದು ಗೋಲಿನ ಸಮ. ಎರಡೂ ಪಂದ್ಯ ಸಮವಾದರೆ ಪರವೂರಿನ ಮೈದಾನದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಲೆಕ್ಕವಂತೆ, ಆದ್ದರಿಂದ ಸೋಲದೆಯೇ ಇವರು ಹೊರಬಿದ್ದರು. ಇದನ್ನು ನಾನು ಇಂಗ್ಲಿಷ್ ಪೇಪರಿನ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಓದಿದೆ. ಅಲ್ಲಿಯವರೆಗೆ ಪೇಪರನ್ನು ಬಟ್ಟೆ ಕಟ್ಟಲು ಮಾತ್ರ ಬಳಸುತ್ತಿದ್ದವನು ಆ ವರ್ಷ ಇಡೀ ಸೀಸನ್ನನ್ನು ಆ ಸಣ್ಣ ಅಕ್ಷರದಲ್ಲಿ ಹುಡುಕಿ ಓದಿದೆ.

ಪೇಪರಿನಲ್ಲಿ ಇಲ್ಲದ್ದು ಬೆರ್ತಿಲನ ಪೋಸ್ಟ್ ಕಾರ್ಡಿನಲ್ಲಿ ಬರುತ್ತಿತ್ತು. ನಮ್ಮ ಪೋಸ್ಟ್ ಬಾಕ್ಸ್ ನಂಬರಿನ ಮೇಲೆ "ಹಸನ್ ಮತ್ತು ಇಸ್ತ್ರಿಯ ಗುರುಗಳಿಗೆ" ಎಂದು ಬರೆದಿರುತ್ತಿತ್ತು. ಏಪ್ರಿಲಿನಲ್ಲಿ ಲೀಗ್ ಶುರುವಾದಾಗ ಗೆರೆಯ ಮೇಲಿನ ಹಿಮವನ್ನು ಸಲಿಕೆಯಿಂದ ಸರಿಸಿ ಆಡಿದರಂತೆ. ಮೇ ತಿಂಗಳಲ್ಲಿ ಸಾಲಾಗಿ ಸೋತರು. ಬೇಸಿಗೆಯಲ್ಲಿ ದೇಶದ ಕಪ್ಪಿನ ಫೈನಲ್ ತಲುಪಿ ಅಲ್ಲೂ ಸೋತರು. ಒಂಬತ್ತನೇ ನಂಬರಿನವನು ಮೊಣಕಾಲು ತಿರುಚಿಕೊಂಡು ಮಲಗಿದ, ಆದರೂ ತನ್ನ ಕಾಲುಚೀಲ ತಾನೇ ತಿರುಗಿಸಿ ಕಳುಹಿಸಿದ. ಆಗಸ್ಟಿನಿಂದ ಗೆಲ್ಲತೊಡಗಿದರು. ಶರತ್ಕಾಲದಲ್ಲಿ ಮತ್ತೆ ಯುರೋಪಿನ ಕಪ್ಪು, ಎಲ್ಲೋ ಪೂರ್ವದ ಒಂದು ಪಟ್ಟಣ. ಆ ಕಾರ್ಡಿನಲ್ಲಿ ಹೀಗಿತ್ತು: "ಇಲ್ಲಿಯ ಹೋಟೆಲಿನ ಮೆಷಿನ್ ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಅವರು ನಕ್ಕರು. ನಿಮ್ಮ ಪಟ್ಟಿಯನ್ನು ತೋರಿಸಿದೆ. ಓದಲಾಗಲಿಲ್ಲ, ಆದರೆ ಹೆದರಿದರು."

ಅಕ್ಟೋಬರಿನ ಕೊನೆಯ ಪಂದ್ಯ ಗೆದ್ದರೆ ಲೀಗ್ ಅವರದ್ದು. ಸಮವಾಯಿತು. ಎರಡನೇ ಸ್ಥಾನ. ಬೆರ್ತಿಲನ ಕೊನೆಯ ಕಾರ್ಡು ಬಂತು: "ಇವತ್ತು ಬೀಗದ ಕೈ ಒಪ್ಪಿಸಿದೆ. ಎಲ್ಲಾ ಅಂಗಿ ಉಂಟು, ಎಲ್ಲಾ ಕಾಲುಚೀಲ ಉಂಟು. ಕಪ್ಪು ಮಾತ್ರ ಇಲ್ಲ."

ಒಂದು ಸೀಸನ್ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಆಗಲೇ. ಮೂರು ಕಪ್ಪಿನ ಹಿಂದೆ ಓಡಿ ಒಂದೂ ಕೈಗೆ ಸಿಗದೆ, ಒಂದು ಕಾಲುಚೀಲವೂ ಕಳೆಯದೆ ಮನೆಗೆ ಬಂದವರನ್ನು ಸೋತವರು ಎನ್ನಲು ನನಗಂತೂ ನಾಲಗೆ ಏಳುವುದಿಲ್ಲ.

ನಮ್ಮ ಲಾಂಡ್ರಿಯೂ ಬದಲಾಯಿತು. ಬಲೆ ಚೀಲ ಬಂತು, ಥರ್ಮಾಮೀಟರ್ ಬಂತು, ಗಂಜಿ ಪಾತ್ರೆಯ ಪಕ್ಕ ಟಿಂಚರ್ ಬಾಟಲಿ ಬಂತು. ಎಲ್ಲಕ್ಕಿಂತ ಮುಖ್ಯ, ಸೂಚನೆಯ ಚೀಟಿಯನ್ನು ಇಸ್ತ್ರಿ ಹಿಡಿದವನ ಭಾಷೆಯಲ್ಲಿ ಬರೆಯುವ ಪದ್ಧತಿ ಬಂತು. ಕನ್ನಡ, ಮಲಯಾಳ, ಬಂಗಾಳಿ, ಉರ್ದು. ಕೊಟ್ಟವನು ಓದಿದರೆ ಸಾಲದು, ಮಾಡುವವನು ಓದಬೇಕು. ನೀವು ಎಂಥ ಕೆಲಸಕ್ಕೇ ಹೋಗಿ, ಇದೊಂದನ್ನು ಮರೆಯಬೇಡಿ.

ಮುಂದಿನ ಚಳಿಗಾಲ ತಂಡ ಪುನಃ ಬಂತು. ಈ ಸಲ ಯುರೋಪಿನ ಪಂದ್ಯವಿಲ್ಲ, ಸಾಮಾನ್ಯ ಅಭ್ಯಾಸ. ಬೆರ್ತಿಲನ ಜಾಗದಲ್ಲಿ ಇಂಗೆರ್ ಎಂಬ ಹೆಂಗಸು ಬಂದಿದ್ದಳು, ಮೊದಲು ಕ್ಲಬ್ಬಿನ ಹೊಲಿಗೆ ಕೋಣೆಯಲ್ಲಿದ್ದವಳು. ಬೆರ್ತಿಲ್ ಹೇಗಿದ್ದಾನೆ ಎಂದೆ. ದೋಣಿಗೆ ಬಣ್ಣ ಬಳಿಯುತ್ತಿದ್ದಾನೆ, ದಿನಕ್ಕೆ ಎರಡು ಸಲ ಫೋನು ಮಾಡಿ ಬೂಟಿನ ವಿಷಯ ಕೇಳುತ್ತಾನೆ ಎಂದು ನಕ್ಕಳು.

ಅವಳು ಚೀಲಗಳನ್ನು ನಮ್ಮ ವ್ಯಾನಿಗೆ ತುಂಬಿಸತೊಡಗಿದಳು. ಹೊಸ ಬಲೆ ಚೀಲಗಳು, ಇಪ್ಪತ್ತಕ್ಕಿಂತ ಹೆಚ್ಚು. ಪ್ರತಿಯೊಂದರ ಬಾಯಿಗೂ ಒಂದು ಬಿಳಿ ಪಟ್ಟಿ, ಪಟ್ಟಿಯ ಮೇಲೆ ನೀಲಿ ದಾರದ ಕಸೂತಿ.

"ಬೆರ್ತಿಲ್ ಹಳೆಯ ಪಟ್ಟಿ ನೋಡಿ ಒಂದು ಕಾಗದದ ಮೇಲೆ ಬಿಡಿಸಿ ಕೊಟ್ಟ," ಎಂದಳು. "ಇದಿಲ್ಲದೆ ಚೀಲ ಊರು ಬಿಟ್ಟು ಹೊರಡಬಾರದು ಎಂದ. ಅರ್ಥ ಅವನಿಗೂ ಗೊತ್ತಿಲ್ಲ. ನಿಮಗೆ ಓದಲು ಬರುತ್ತದೆಯೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ಶೇಖರ ಮುಂದೆ ಬಂದ. ಒಂದು ಚೀಲವನ್ನೆತ್ತಿ ಕಣ್ಣಿನ ಹತ್ತಿರ ಹಿಡಿದ. ಅಕ್ಷರಗಳು ಸ್ವಲ್ಪ ವಾಲಿದ್ದವು. ದಾರ ಎಲ್ಲೆಲ್ಲೋ ತಿರುಗಿತ್ತು. ಆದರೂ ಓದಬಹುದಿತ್ತು. ಕೊನೆಯ ಅಕ್ಷರದ ತುದಿಯಲ್ಲಿ ಗಾಳದ ಕೊಕ್ಕೆ, ಇದ್ದದ್ದು ಇದ್ದ ಹಾಗೆ.

"ಹಸನಾಕ," ಎಂದ, "ಇದು ನನ್ನ ಅಕ್ಷರ ಮಾರಾಯ್ರೇ."

ಇಂಗೆರ್ ಕಾಯುತ್ತಿದ್ದಳು. ಶೇಖರ ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಮೇಷ್ಟ್ರ ಎದುರು ನಿಂತವನ ಹಾಗೆ ನೆಟ್ಟಗಾಗಿ, ಪ್ರತಿ ಚೀಲವನ್ನೂ ಎತ್ತಿ ಒಂದೊಂದಾಗಿ ಓದತೊಡಗಿದ. ಎಲ್ಲದರಲ್ಲೂ ಒಂದೇ ಬರೆದಿತ್ತು. ಅವನು ಒಂದನ್ನೂ ಬಿಡಲಿಲ್ಲ.